ಪಟ್ಟಿಯಲ್ಲಿ ಉಳಿದ ಸಾಲು

"ಅರಗು ಒಡೆಯೋದಕ್ಕೆ ಮುಂಚೆ ಒಂದ್ಮಾತು, ಮೇಡಂ ಫಿಕ್ರಿಯಾ." ಪೊಲೀಸ್ ಮೇಜರ್ ರಿಫಾತ್ ಬೇ ಬಾಗಿಲಿಗೆ ಅಂಟಿದ್ದ ಕೆಂಪು ಅರಗಿನ ಮುದ್ರೆಯ ಮೇಲೆ ಹೆಬ್ಬೆರಳಿಟ್ಟುಕೊಂಡೇ ಹೇಳಿದರು. "ಒಳಗೆ ಏನೂ ಸಿಗ್ಲಿಲ್ಲ ಅಂದ್ರೆ ವರದೀಲಿ ನಿಮ್ಮ ಹೆಸರೇ ಬರೀತೀನಿ. ಈ ಯಮ್ಮ ಹಟ ಹಿಡಿದ್ಲು, ಅದಕ್ಕೇ ಒಡೆದೆ ಅಂತ."

"ಬರೀರಿ. ದಪ್ಪಕ್ಷರದಲ್ಲೇ ಬರೀರಿ."

ಮುದ್ರೆ ಚೂರಾಗಿ ನೆಲಕ್ಕೆ ಉದುರಿತು. ಸುಂದರ ಬರಹದ ಗುರು ಉಸ್ತಾದ್ ಬಹ್ಗತ್ ಲಿಫ್ಟಿನ ಗುಂಡಿಗೆ ಬಿದ್ದು ಸತ್ತು, ಅವರ ಶಿಷ್ಯೆ ಲಮೀಸ್ ಲಾಕಪ್ಪು ಸೇರಿದ ಮೇಲೆ ಅವರ ಕೋಣೆಯ ಬಾಗಿಲು ತೆರೆಯುತ್ತಿದ್ದದ್ದು ಅದೇ ಮೊದಲು. ಮಧ್ಯಾಹ್ನದ ನಮಾಜು ಮುಗಿಯುತ್ತಲೇ ಆ ಹುಡುಗಿಯನ್ನು ಸರ್ಕಾರಿ ವಕೀಲರ ಮುಂದೆ ನಿಲ್ಲಿಸುವವರಿದ್ದರು. ಅಷ್ಟರೊಳಗೆ ನಾನು ಏನಾದರೂ ತೋರಿಸಬೇಕು. ತೋರಿಸದಿದ್ದರೆ ಅವಳು ಗುರುವನ್ನು ಕೊಂದವಳು ಅನ್ನಿಸಿಕೊಂಡು ಹೆಂಗಸರ ಜೈಲಿಗೆ ಹೋಗುತ್ತಾಳೆ. ಅಲ್ಲಿಂದ ಹೊರಗೆ ಬರುವುದು ಯಾವ ಕಾಲಕ್ಕೋ.

ಕೋಣೆಯ ಎದುರಿಗೇ ಲಿಫ್ಟು. ಕಟ್ಟಡದ ಹಾಗೆ ಅದೂ ರಾಜರ ಕಾಲದ್ದು. ಮರದ ಡಬ್ಬಿ, ಪ್ರತಿ ಮಹಡಿಯಲ್ಲೂ ಗಾಜಿನ ಕಿಂಡಿಯಿರುವ ಕಬ್ಬಿಣದ ಬಾಗಿಲು. ಡಬ್ಬಿ ಬಂದು ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ಡಬ್ಬಿಯಿಲ್ಲದೆ ತೆರೆಯಬೇಕೆಂದರೆ ಕಾವಲುಗಾರನ ಬಳಿಯಿರುವ ಮೂರುಮೂಲೆ ಕೀಲಿ ಬೇಕು. ಅವತ್ತು ಯಾರೋ ಆ ಕೀಲಿ ಹಾಕಿ ಬಾಗಿಲು ತೆರೆದಿಟ್ಟಿದ್ದರು. ಕಣ್ಣು ಮಂಜಾಗಿದ್ದ ಮುದುಕ ಡಬ್ಬಿ ಇದೆಯೆಂದು ಕಾಲಿಟ್ಟರು.

ಕೀಲಿ ಅವತ್ತಿನಿಂದ ನಾಪತ್ತೆ. ಲಮೀಸ್ ಅದನ್ನು ನೈಲ್ ನದಿಗೆ ಎಸೆದಳು ಎಂದು ರಿಫಾತ್ ಬೇ ಬರೆದುಕೊಂಡಿದ್ದರು. ಊರೊಳಗೆ ನದಿ ಹರಿಯುವುದು ಇಂಥ ಅಧಿಕಾರಿಗಳ ಪುಣ್ಯ. ಸಿಗದ ವಸ್ತುವನ್ನೆಲ್ಲ ಅದಕ್ಕೆ ಹಾಕಿ ಕೈ ತೊಳೆದುಕೊಳ್ಳಬಹುದು.

"ನಾನೂ ಬರಬಹುದಲ್ವಾ?" ಕಾರಿಡಾರಿನ ತುದಿಯಿಂದ ಅತ್ತರಿನ ವಾಸನೆ ಮೊದಲು ಬಂತು, ಆಮೇಲೆ ಇಂಜಿನಿಯರ್ ಹಾತಿಮ್ ಜುಹ್ನಿ ಬಂದರು. ಈ ಮಹಡಿ ಪೂರ್ತಿ ಅವರ ಕಂಪನಿಯದು. ಹಿಂದೆಯೇ ಅವರ ನೌಕರ ಲುತ್ಫಿ, ನಲವತ್ತರ ಆಸುಪಾಸಿನವನು, ಬೆನ್ನು ಸ್ವಲ್ಪ ಬಾಗಿದವನು. ಯಂತ್ರಗಳ ಪಾಸ್‌ವರ್ಡ್ ಅವನಿಗೇ ಗೊತ್ತಿರುವುದರಿಂದ ನಾನೇ ಅವನನ್ನು ಕರೆಸಿದ್ದೆ.

"ಬನ್ನಿ ಇಂಜಿನಿಯರ್ ಸಾಹೇಬ್ರೇ," ಅಂದೆ. "ನೀವಿಲ್ಲದೆ ಶುರು ಮಾಡೋಕೆ ಮನಸ್ಸೇ ಬರ್ತಿರ್ಲಿಲ್ಲ."

"ನಿಮ್ಮ ನಾಲಿಗೆ ಸವೆಯೋದೇ ಇಲ್ಲ ನೋಡಿ ಮೇಡಂ."

"ಸವೆಯುತ್ತೆ. ಯೋಗ್ಯರ ಹತ್ತಿರ ಮಾತಾಡಿದ್ರೆ."

ಕೋಣೆ ಮುದುಕ ಬಿಟ್ಟುಹೋದಂತೆಯೇ ಇತ್ತು. ಗೋಡೆಗೆ ಒರಗಿಸಿದ್ದ ಜೊಂಡಿನ ಲೇಖನಿಗಳು, ಒಣಗಿ ಬಿರಿದ ಮಸಿದಾನಿ, ಚಹಾದ ಗ್ಲಾಸಿನ ತಳದಲ್ಲಿ ಕಪ್ಪಗಾದ ಪುದೀನ. ಮೇಜಿನ ಮೇಲೆ ಒಂದು ಹಳೆಯ ಕಂಪ್ಯೂಟರು. ಲುತ್ಫಿ ಕೂತು ಪಾಸ್‌ವರ್ಡ್ ಒತ್ತಿದ. ಅವನ ನಡುಬೆರಳಿನ ಪಕ್ಕದಲ್ಲಿ ಒಂದು ಕಪ್ಪು ಕಲೆ ಇತ್ತು. ಹಿಂದಿನ ದಿನವೂ ಇತ್ತು. ಪ್ರಿಂಟರಿನ ಮಸಿಯನ್ನು ಕೈಯಿಂದ ತೊಳೆದುಕೊಳ್ಳಲೂ ಬಾರದ ಪ್ರಾಣಿ ಎಂದುಕೊಂಡೆ.

"ಮಿಸ್ತರ ತೆಗಿ," ಅಂದೆ.

ಮಿಸ್ತರ ಅನ್ನುವುದು ಹಾತಿಮ್ ಕಂಪನಿಯ ತಂತ್ರಾಂಶ. ಕೈರೋದಲ್ಲಿ ಮದುವೆ ಕರೆಯೋಲೆ ಅಚ್ಚು ಹಾಕುವ ಅರ್ಧಕ್ಕರ್ಧ ಅಂಗಡಿಗಳು ಇದನ್ನೇ ನೆಚ್ಚಿಕೊಂಡಿವೆ. ತೆರೆದ ಕೂಡಲೇ ಮೂಲೆಯಲ್ಲಿ ಫಾಂಟುಗಳ ಪಟ್ಟಿ ಕಾಣುತ್ತದೆ. ಸಾವಿರಾರು ಫಾಂಟು ಕೊಡುತ್ತೇವೆ ಎಂದು ಹಾತಿಮ್ ಬೀದಿ ಬೀದಿಯಲ್ಲಿ ಜಾಹೀರಾತು ಅಂಟಿಸಿದ್ದಾರೆ. ನಾನು ಅರ್ಧ ಆಯುಷ್ಯ ಪತ್ರಿಕೆಯೊಂದರ ನಿಧನವಾರ್ತೆ ಪುಟ ಜೋಡಿಸಿದವಳು, ಅಕ್ಷರ ನೋಡಿದರೆ ಅಪ್ಪ ಯಾರು ಅಂತ ಹೇಳಬಲ್ಲೆ. ಆ ಸಾವಿರದಲ್ಲಿ ಮುಕ್ಕಾಲು ಪಾಲು ಒಂದೇ ಫಾಂಟು, ಒಂದಕ್ಕೆ ಹೊಟ್ಟೆ ಉಬ್ಬಿಸಿ, ಇನ್ನೊಂದಕ್ಕೆ ಬಾಲ ಎಳೆದು, ಬೇರೆ ಬೇರೆ ಹೆಸರಿಟ್ಟದ್ದು. ಪಟ್ಟಿಯ ಮೇಲ್ತುದಿಗೆ ಬರಲೆಂದು ಹೆಸರಿನ ಮುಂದೆ ಚುಕ್ಕಿ, ಗೆರೆ ಸೇರಿಸಿಕೊಂಡ ನಾಚಿಕೆಗೆಟ್ಟ ಫಾಂಟುಗಳೂ ಇವೆ. ಅಂಗಡಿಯವರು ಅಷ್ಟನ್ನೂ ಕೆಳಗಿನವರೆಗೆ ಉರುಳಿಸಿ, ಮತ್ತೆ ಮೇಲಕ್ಕೆ ಬಂದು, ಮೊದಲು ಕಂಡದ್ದನ್ನೇ ಆರಿಸುತ್ತಾರೆ. ಆಮೇಲೆ ಅದನ್ನು ತಮ್ಮ ಅಭಿರುಚಿ ಅನ್ನುತ್ತಾರೆ.

"ಏನು ಹುಡುಕ್ತಿದೀರಾ ಅಂತ ಕೇಳಬಹುದಾ?" ಅಂದರು ರಿಫಾತ್ ಬೇ. ಬೆಳಗಿನ ಫೂಲ್ ಕಾಳಿನ ತಿಂಡಿ ತಿನ್ನದೆ ಬಂದಿದ್ದರಂತೆ, ದನಿಯಲ್ಲೇ ಹಸಿವಿತ್ತು.

"ಕಾರಣ ಹುಡುಕ್ತಿದೀನಿ. ನೀವು ಲಮೀಸ್ ತಲೆಗೆ ಕಟ್ಟಿರೋ ಕಾರಣ. ಇನ್ನೊಂದ್ಸಲ ಹೇಳಿ, ನಿಮ್ಮ ಬಾಯಲ್ಲೇ ಕೇಳೋಣ."

"ಅದರಲ್ಲೇನಿದೆ. 'ದಿಮ್ಯಾತ್' ಅನ್ನೋ ಹೊಸ ಫಾಂಟು ಬಹ್ಗತ್ ಹೆಸರಲ್ಲಿ ಬರೋದಿತ್ತು. ಅದರ ಅಕ್ಷರಗಳ ಪೆನ್ಸಿಲ್ ಗೆರೆ ಎಲ್ಲಾ ಸಿಕ್ಕಿದ್ದು ಆ ಹುಡುಗಿ ಡ್ರಾಯರಲ್ಲಿ. ಮುದುಕ ಅವಳ ಕೆಲಸ ಕದ್ದು ತನ್ನ ಹೆಸರು ಹಾಕ್ಕೊಂಡ. ಅವಳಿಗೆ ಹೊಟ್ಟೆ ಉರಿದುಹೋಯ್ತು. ಇಂಜಿನಿಯರ್ ಸಾಹೇಬ್ರು ಸಾಕ್ಷಿ ಹೇಳಿದಾರೆ."

"ಪಾಪ, ಮುದುಕರು," ಹಾತಿಮ್ ಕಣ್ಣು ಮುಚ್ಚಿಕೊಂಡರು. "ದೇವರು ಅವರನ್ನ ಕ್ಷಮಿಸಲಿ. ಸತ್ತವರ ಬಗ್ಗೆ ಕೆಟ್ಟದ್ದು ಹೇಳೋಕೆ ನನಗೆ ಬಾಯೇ ಬರಲ್ಲ."

"ಬರದ ಬಾಯಲ್ಲಿ ನಾಲ್ಕು ಪುಟ ಹೇಳಿಕೆ ಕೊಟ್ಟಿದೀರಲ್ಲ. ಬಂದಿದ್ರೆ ಎಷ್ಟಾಗ್ತಿತ್ತೋ."

ರಿಫಾತ್ ಬೇ ಕೆಮ್ಮಿದರು. ನಗು ನುಂಗಿಕೊಂಡರೆಂದು ತೋರುತ್ತದೆ.

ನಾನು ಲುತ್ಫಿಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತೆ. ಹಿಂದಿನ ದಿನ ಕೆಳಗಿನ ಚಹಾದಂಗಡಿಯಲ್ಲಿ ಈ ಮನುಷ್ಯನನ್ನು ಕೂರಿಸಿಕೊಂಡು ಮಾತಾಡಿದ್ದೆ. ಫಾಂಟು ಪಟ್ಟಿಯ ಕೆಲಸವೆಲ್ಲ ಅವನದೇ. ಎದುರಿಗೆ ಒಂದು ಡಬ್ಬಿ ಮಿಶಬ್ಬಕ್ ಇಟ್ಟು, "ತಗೊಳ್ಳಿ ಮೇಡಂ, ಊರಿಂದ ಬಂದಿದ್ದು" ಅಂದಿದ್ದ. ಜಿಲೇಬಿಯಂಥ ಆ ಸಿಹಿ ಬಾಯಲ್ಲಿಟ್ಟರೆ ಕರಗುತ್ತಿತ್ತು. ಮಾತು ಮಾತ್ರ ಎಳೆದರೂ ಬರದು.

"ಪಟ್ಟಿ ಬೇಗ ಬರಬೇಕು ಅಂತ ಸಾಹೇಬ್ರು ಗದರ್ತಿದ್ರು," ಎಂದು ಕೊನೆಗೆ ಬಾಯಿಬಿಟ್ಟಿದ್ದ. "ಅಷ್ಟೊಂದು ಫಾಂಟನ್ನ ಪ್ರತಿ ಸಲ ಓದಿ ತೋರಿಸ್ತಾ ಕೂತ್ರೆ ಯಂತ್ರ ಮಲಗಿಬಿಡುತ್ತೆ. ಅದಕ್ಕೇ ನಾನೊಂದು ಉಪಾಯ ಮಾಡಿದೆ. ಹೊಸ ಫಾಂಟು ಹಾಕಿದಾಗ ಮಿಸ್ತರ ಅದರೊಳಗೆ ಬರೆದಿರೋ ಮಾದರಿ ಸಾಲನ್ನ ಒಂದು ಚಿತ್ರ ತೆಗೆದು ಇಟ್ಕೊಳ್ಳುತ್ತೆ. ಆಮೇಲೆ ಪಟ್ಟೀಲಿ ತೋರಿಸೋದು ಆ ಚಿತ್ರಾನೇ, ಫಾಂಟನ್ನಲ್ಲ."

"ಅದೇ ಹೆಸರಲ್ಲಿ ಬೇರೆ ಫಾಂಟು ಹಾಕಿದ್ರೆ?"

"ಹೆಸರು ಒಂದೇ ಅಲ್ವಾ ಮೇಡಂ, ಪಟ್ಟಿಗೆ ಗೊತ್ತಾಗಲ್ಲ. ಹೊಸದು ಮಾಡು ಅಂತ ಒಂದು ಗುಂಡಿ ಇದೆ, ಅದನ್ನ ಒತ್ತಬೇಕು. ಯಾರೂ ಒತ್ತಲ್ಲ. ಅದಿದೆ ಅಂತಾನೂ ಯಾರಿಗೂ ಗೊತ್ತಿಲ್ಲ."

ಇಷ್ಟು ಹೇಳಿ ಅವನು ತನ್ನ ಚಹಾದೊಳಕ್ಕೆ ನೋಡುತ್ತ ಕೂತಿದ್ದ. ತಾನೇನು ಹೇಳಿದೆ ಅನ್ನುವುದೂ ತಿಳಿಯದ ಪೆದ್ದ ಎಂದು ನಾನು ಇನ್ನೊಂದು ಸಿಹಿ ಬಾಯಿಗೆ ಹಾಕಿಕೊಂಡಿದ್ದೆ.

"ಮೊದಲು ಇದನ್ನ ನೋಡಿ ರಿಫಾತ್ ಬೇ." ಯಂತ್ರದಲ್ಲಿ ಕೂತಿದ್ದ 'ದಿಮ್ಯಾತ್' ಫಾಂಟನ್ನೇ ನೇರವಾಗಿ ತೆರೆದೆ. ಸಣ್ಣ ಕಿಟಕಿಯೊಂದು ಬಂತು. ರಚಿಸಿದವರು: ಬಹ್ಗತ್. ಕೆಳಗೆ ಮಾದರಿ ಸಾಲು: 'ತಮ್ಮ ಆಗಮನವೇ ನಮ್ಮ ಸಂಭ್ರಮ.'

"ಮದುವೆ ಪತ್ರದ ಸಾಲು," ಅಂದರು ರಿಫಾತ್ ಬೇ.

"ಇವರ ಕಂಪನಿ ಎಲ್ಲಾ ಫಾಂಟಿಗೂ ಇದೇ ಸಾಲು ತುರುಕೋದು. ಈ ಕಂಪನೀಲಿ ಯಾರಿಗಾದ್ರೂ ಎರಡನೇ ವಾಕ್ಯ ಹೊಳೆದಿದ್ರೆ ಅದೇ ಒಂದು ಸುದ್ದಿ. ಸರಿ. ಈಗ ಪಟ್ಟಿ ತೆಗಿಯೋಣ. ಅಲ್ಲಿ ಇದೇ ದಿಮ್ಯಾತ್ ಎದುರಿಗೆ ಯಾವ ಸಾಲು ಇರಬೇಕು?"

"ಇದೇ ಸಾಲು."

"ಇಂಜಿನಿಯರ್ ಸಾಹೇಬ್ರೇ, ನೀವೇನಂತೀರಾ?"

ಹಾತಿಮ್ ಗಡಿಯಾರ ನೋಡಿಕೊಂಡರು. ಆ ಮನುಷ್ಯ ಸಾಲ ಕೇಳಿದವರ ಎದುರಿಗೂ, ಶವಯಾತ್ರೆಯಲ್ಲೂ ಹೀಗೇ ಗಡಿಯಾರ ನೋಡಿಕೊಳ್ಳುತ್ತಾರೆ.

ಪಟ್ಟಿ ತೆರೆದೆ. ಪ್ರತಿ ಹೆಸರಿನ ಪಕ್ಕದಲ್ಲೂ 'ತಮ್ಮ ಆಗಮನವೇ', 'ತಮ್ಮ ಆಗಮನವೇ'. ಬೊಜ್ಜು ಬಂದ ಆಗಮನ, ಬಡಕಲು ಆಗಮನ, ಕುಂಟುವ ಆಗಮನ. ಅವುಗಳನ್ನೆಲ್ಲ ಉರುಳಿಸಿಕೊಂಡು ಹೋದೆ. 'ದಿಮ್ಯಾತ್' ಬಂತು.

ನನ್ನ ಕೈ ಮೌಸಿನ ಮೇಲೆ ನಿಂತುಬಿಟ್ಟಿತು. ಮೊದಲ ಸಲ ಈ ಯಂತ್ರದಲ್ಲಿ ಒಂದು ಅಕ್ಷರಕ್ಕೆ ಉಸಿರಿರುವುದು ಕಂಡಿತು. ಎತ್ತರದ ಗೆರೆಗಳು ಲೇಖನಿಯ ಅಗಲವನ್ನು ಅಳೆದು ನಿಂತಿದ್ದವು, ಬಾಗುಗಳು ಎಲ್ಲಿ ತೆಳುವಾಗಬೇಕೋ ಅಲ್ಲೇ ತೆಳುವಾಗಿದ್ದವು. ಅದರಲ್ಲಿ ಮದುವೆಯೂ ಇರಲಿಲ್ಲ, ಆಗಮನವೂ ಇರಲಿಲ್ಲ.

'ಇದನ್ನು ಬರೆದವರಿಗೆ ತಮ್ಮ ಬರಹದ ಕೆಳಗೆ ಹೆಸರು ಹಾಕಿಕೊಳ್ಳಲು ಬಹ್ಗತ್ ಆದ ನಾನು ಅನುಮತಿ ಕೊಟ್ಟಿದ್ದೇನೆ, ನನ್ನ ಶಿಷ್ಯ...'

ಅರಬ್ಬಿ ಬಲದಿಂದ ಎಡಕ್ಕೆ ಓಡುತ್ತದೆ, ಅಲ್ಲಿಗೆ ಪಟ್ಟಿಯ ಎಡಗಡೆ ಅಂಚು ಸಾಲನ್ನು ಕತ್ತರಿಸಿತ್ತು.

"ಇದೇನಿದು?" ರಿಫಾತ್ ಬೇ ಬಗ್ಗಿದರು.

"ಅನುಮತಿ. ನಿಮ್ಮ ಶಾಲೇಲಿ ಸುಂದರ ಬರಹದ ಮೇಷ್ಟ್ರು ಇರ್ಲಿಲ್ವಾ?"

"ಇದ್ರು. ಗೆಣ್ಣಿಗೆ ಹೊಡೀತಿದ್ರು."

"ಪೂರ್ತಿ ಹೊಡೆದಿಲ್ಲ ಅನ್ಸುತ್ತೆ. ಕೇಳಿ. ಗುರು ಹತ್ತಿರ ಎಷ್ಟು ವರ್ಷ ತಿದ್ದಿದ್ರೂ ಶಿಷ್ಯರು ಬರೆದದ್ದಕ್ಕೆ ತಮ್ಮ ಹೆಸರು ಹಾಕೋ ಹಾಗಿಲ್ಲ. ಯಾವತ್ತೋ ಒಂದಿನ ಗುರುವಿಗೆ ಮನಸ್ಸು ತುಂಬಿದ್ರೆ, ಶಿಷ್ಯರು ಬರೆದ ಹಾಳೆ ಕೆಳಗೆ ತಮ್ಮ ಕೈಯಾರೆ ಈ ಸಾಲು ಬರೀತಾರೆ. ಅವತ್ತಿಂದ ಅವರಿಗೆ ಹೆಸರಿದೆ. ಗಂಡಸಾದ್ರೂ ಅದೇ ಸಾಲು, ಹೆಂಗಸಾದ್ರೂ ಅದೇ ಸಾಲು. ಬಹ್ಗತ್ ಇಡೀ ಬದುಕಲ್ಲಿ ಯಾರಿಗೂ ಕೊಟ್ಟಿರ್ಲಿಲ್ಲ. ಕೊನೆಗೆ ಕೊಟ್ಟಿದಾರೆ. ಹಾಳೆ ಮೇಲಲ್ಲ, ಫಾಂಟಿನ ಒಳಗೇ. ಯಾರು ಪಟ್ಟಿ ಬಿಚ್ಚಿದ್ರೂ ಮೊದಲು ಕಣ್ಣಿಗೆ ಬೀಳಲಿ ಅಂತ."

ಆ ಮುದುಕ ಮುಂಗೋಪಿ, ಜಿಪುಣ, ಯಾರನ್ನೂ ಹೊಗಳಿದವರಲ್ಲ. ಹೊಗಳುವ ದಿನ ಬಂದಾಗ ಊರಿನ ಅಂಗಡಿ ಅಂಗಡಿಯ ಪರದೆಯ ಮೇಲೆ ಹೊಗಳಲು ಹೊರಟಿದ್ದರು. ಅದನ್ನು ಅಳಿಸಿ 'ತಮ್ಮ ಆಗಮನ' ಹಾಕಿದ ಕೈ ನನ್ನ ಪಕ್ಕದಲ್ಲೇ ಅತ್ತರು ಹಚ್ಚಿಕೊಂಡು ನಿಂತಿತ್ತು. ನನಗೆ ಹೇಸಿಗೆಯಾಯಿತು.

"ಕಳ್ಳತನ ಮಾಡೋನು ಅನುಮತಿ ಬರೀತಾನಾ ರಿಫಾತ್ ಬೇ? ಅವರು ಶಿಷ್ಯೆ ಕೆಲಸ ಕದ್ದಿಲ್ಲ, ಅವಳಿಗೇ ಕೊಟ್ಟಿದಾರೆ. ನಿಮ್ಮ ಕಾರಣ ಅಲ್ಲಿಗೆ ಮಣ್ಣು ಸೇರ್ತು. ಯಾರೋ ಆಮೇಲೆ ಫಾಂಟು ಬದಲಾಯಿಸಿದಾರೆ. ಯಾರು ಅಂತ ಕೇಳಿ. ಉಸ್ತಾದರು ಸತ್ತ ಬೆಳಿಗ್ಗೆ, ನೀವು ಅರಗು ಹಾಕೋಕೆ ಮುಂಚೆ, ಈ ಕೋಣೆಗೆ ಬಂದು ಬಾಗಿಲು ಹಾಕ್ಕೊಂಡು ಪ್ರಾರ್ಥನೆ ಮಾಡಿದ ಭಕ್ತರು ಯಾರು?"

"ನಾನೇ," ಅಂದರು ಹಾತಿಮ್.

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆಂದು ನಾನು ಎಣಿಸಿರಲಿಲ್ಲ. ಅವರು ಉಸ್ತಾದರ ಮಂಚದ ಅಂಚಿನಲ್ಲಿ ಕೂತರು, ಕೂರುವ ಮೊದಲು ಕರವಸ್ತ್ರ ಹಾಸಿಕೊಂಡರು.

"ನಾನೇ ಬದಲಾಯಿಸಿದೆ. ಏನೀಗ? ಕೊಲ್ಲಿ ಕಡೆಯ ದೊಡ್ಡ ಪಾರ್ಟಿ ಒಬ್ರು ಈ ಫಾಂಟು ಕೊಳ್ತಾ ಇರೋದು ಬಹ್ಗತ್ ಹೆಸರು ನೋಡಿ. 'ನನ್ನ ಶಿಷ್ಯ' ಗಿಷ್ಯ ಅಂತ ಪಟ್ಟೀಲಿ ತೋರಿಸಿದ್ರೆ ಅವರು ಎದ್ದು ಹೋಗ್ತಾರೆ. ಮುದುಕನಿಗೆ ಹೇಳಿ ಹೇಳಿ ಸಾಕಾಯ್ತು. ಆ ಸಾಲು ತೆಗೀರಿ ಉಸ್ತಾದರೇ, ವ್ಯಾಪಾರ ಕೆಡುತ್ತೆ ಅಂದೆ. ನನ್ನ ಮುಖಕ್ಕೆ ಬಾಗಿಲು ಹಾಕಿದ್ರು. ಸತ್ತ ಮೇಲೆ ತೆಗೆದೆ. ನನ್ನ ಕಂಪನಿ, ನನ್ನ ಫಾಂಟು."

"ಲಮೀಸ್ ಜೈಲಿಗೆ ಹೋಗ್ತಾಳೆ ಅಂತ ಗೊತ್ತಿದ್ದೂ ಸುಳ್ಳು ಸಾಕ್ಷಿ ಹೇಳಿದ್ರಿ."

"ಡ್ರಾಯರಲ್ಲಿ ಗೆರೆ ಸಿಕ್ತು, ಹೇಳಿದೆ. ಅದರಲ್ಲಿ ಸುಳ್ಳೇನಿದೆ?"

"ನಾಚಿಕೆ ಅನ್ನೋ ಪದ ನಿಮ್ಮ ಯಾವ ಫಾಂಟಲ್ಲೂ ಬರಲ್ವಾ ಸಾಹೇಬ್ರೇ?"

"ಹದಿನಾರು ಗಾತ್ರದಲ್ಲಿ ಬರುತ್ತೆ. ಕೊಳ್ತೀರಾ?"

ರಿಫಾತ್ ಬೇ ಇಬ್ಬರ ನಡುವೆ ಕೈ ಅಡ್ಡ ಹಿಡಿದರು. "ಸಾಕು. ಇಂಜಿನಿಯರ್ ಸಾಹೇಬ್ರೇ, ನೀವು ಠಾಣೆಗೆ ಬರಬೇಕಾಗುತ್ತೆ. ಮೇಡಂ, ಈ ಪರದೆ ಚಿತ್ರ ನನಗೆ ಬೇಕು, ಸರ್ಕಾರಿ ವಕೀಲರಿಗೆ ತೋರಿಸ್ಬೇಕು. ಹುಡುಗೀನ ಬಿಡಿಸೋದಕ್ಕೆ ಇದು ಸಾಕಾಗುತ್ತೋ ಏನೋ, ಆದ್ರೆ ಜೈಲಿಗೆ ಕಳಿಸೋದು ನಿಲ್ಲುತ್ತೆ."

ನಾನು ಕುರ್ಚಿಗೆ ಒರಗಿದೆ. ಗೆದ್ದೆ ಅನ್ನಿಸಿತು. ಹಾತಿಮ್ ಮುಖ ನೋಡಬೇಕೆಂದು ತಿರುಗಿದೆ.

ಅವರು ನಗುತ್ತಿದ್ದರು. ಸೋತವರ ನಗು ಅಲ್ಲ.

"ಮೇಡಂ ಫಿಕ್ರಿಯಾ, ನೀವು ತುಂಬಾ ಓದಿದವರು. ಎಲ್ಲರ ಬೆವರಿಳಿಸೋರು. ಒಂದು ಸಣ್ಣ ವಿಷಯ ಕೇಳ್ಲಾ?"

"ಕೇಳಿ."

"ಆ ಸಾಲನ್ನ ಪೂರ್ತಿ ಓದಿದ್ರಾ?"

"ಓದೋದೇನಿದೆ? ಪಟ್ಟಿ ಅಂಚಲ್ಲಿ ಕತ್ತರಿಸಿದೆ. ಮುಂದೆ ಇರೋದು ಶಿಷ್ಯೆ ಹೆಸರು. ಬಹ್ಗತ್‌ಗೆ ಇನ್ಯಾರು ಶಿಷ್ಯರಿದ್ರು?"

"ಹೌದಲ್ವಾ. ಇನ್ಯಾರಿದ್ರು." ಅವರು ಕರವಸ್ತ್ರ ಮಡಿಸತೊಡಗಿದರು. "ನಾನು ಆ ಸಾಲನ್ನ ಅಳಿಸಿದೋನು ಮೇಡಂ. ಅಳಿಸೋಕೆ ಮುಂಚೆ ಓದಿದೋನು. ನಿಮಗೆ ಅರ್ಧ ಸಾಲೇ ಸಾಕಾಯ್ತು. ನನ್ನ ಗಿರಾಕಿಗಳೂ ಹಾಗೇ, ಪಟ್ಟೀಲಿ ಮೊದಲು ಕಂಡದ್ದನ್ನೇ ಆರಿಸ್ಕೋತಾರೆ."

ಹಿಂದಿನಿಂದ ಲುತ್ಫಿಯ ಮೆಲುದನಿ ಕೇಳಿತು. "ನಾನು ಚಹಾ ಹೇಳಿ ಬರ್ತೀನಿ." ಯಾರೂ ತಿರುಗಿ ನೋಡಲಿಲ್ಲ. ಬಾಗಿಲಾಚೆ ಅವನ ಚಪ್ಪಲಿ ಸದ್ದು ದೂರವಾಯಿತು.

"ಎಳೀರಿ ಅದನ್ನ," ಅಂದರು ರಿಫಾತ್ ಬೇ.

"ಏನನ್ನ?"

"ಪಟ್ಟಿ ಅಂಚನ್ನ. ಅಗಲ ಆಗಲ್ವಾ?"

ಆಗುತ್ತದೆ. ಚಿತ್ರ ಪೂರ್ತಿ ಒಳಗಿರುತ್ತದೆ, ತೋರಿಸುವ ಕಿಂಡಿ ಮಾತ್ರ ಕಿರಿದು. ಅಂಚು ಹಿಡಿದು ಎಡಕ್ಕೆ ಎಳೆದರೆ ಉಳಿದದ್ದೂ ಕಾಣುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಳೆದಿರಲಿಲ್ಲ. ಅಂಗಡಿಯವರನ್ನು ಅಷ್ಟು ಹೊತ್ತು ಹಂಗಿಸಿದ ನಾನು ಮಾಡಿದ್ದೂ ಅವರ ಕೆಲಸವನ್ನೇ.

ಅಂಚು ಹಿಡಿದೆ. ಎಳೆದೆ. ಮುದುಕ ಬರೆದಿಟ್ಟಿದ್ದ ಅನುಮತಿಯ ಸಾಲು ಒಂದೊಂದೇ ಅಕ್ಷರವಾಗಿ ಹೊರಗೆ ಬಂತು.

'...ನನ್ನ ಶಿಷ್ಯ ಲುತ್ಫಿ ಬದ್ರಾವಿ.'

ರಿಫಾತ್ ಬೇ ಅದನ್ನು ಗಟ್ಟಿಯಾಗಿ ಓದಿದರು. ಆಮೇಲೆ ಇನ್ನೊಂದು ಸಲ ಓದಿದರು.

"ಲುತ್ಫಿ ಅಂದ್ರೆ, ಈಗ ಇಲ್ಲೇ ನಿಂತಿದ್ನಲ್ಲ, ಅವನಾ?"

"ಅವನೇ," ಅಂದರು ಹಾತಿಮ್. "ನನಗೂ ನಗು ಬಂತು. ಸಂಬಳ ಜಾಸ್ತಿ ಮಾಡಿ ಅಂತ ಕೇಳೋಕೂ ಬಾಯಿಲ್ಲದೋನು. ಸಂಜೆ ಹೊತ್ತು ಈ ಕೋಣೇಲಿ ಅದೇನು ಗೀಚ್ತಿದ್ನೋ."

ನಡುಬೆರಳಿನ ಆ ಕಲೆ ಪ್ರಿಂಟರಿನ ಮಸಿಯಲ್ಲ. ಜೊಂಡಿನ ಲೇಖನಿ ಒರಗುವುದು ಸರಿಯಾಗಿ ಅದೇ ಜಾಗಕ್ಕೆ. ಹೊಸಬರ ಬೆರಳೆಲ್ಲ ಮಸಿಯಾಗಿರುತ್ತದೆ, ಪಳಗಿದವರಿಗೆ ಅಲ್ಲೊಂದೇ ಚುಕ್ಕೆ. ನಾನು ಎರಡು ದಿನ ಅದನ್ನೇ ನೋಡಿ ಮೂಗು ಮುರಿದಿದ್ದೆ. ಮಿಶಬ್ಬಕ್ ಡಬ್ಬಿ ನೆನಪಾಯಿತು. ಈಜಿಪ್ಟಿನಲ್ಲಿ ಬಾಯಲ್ಲಿ ಕರಗುವ ಮಿಶಬ್ಬಕ್ ಮಾಡುವ ಊರು ಒಂದೇ, ದಿಮ್ಯಾತ್. ಊರಿಂದ ಬಂದದ್ದು ಅಂದಿದ್ದ. ಫಾಂಟಿಗೆ ಆ ಹೆಸರು ಯಾಕೆ ಬಂತು ಅಂತ ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಬಹ್ಗತ್ ಕೈರೋ ಬಿಟ್ಟು ಹೋದವರೇ ಅಲ್ಲ.

"ಹಾಗಾದ್ರೆ ಕಾರಣ ಇನ್ನೂ ಗಟ್ಟಿಯಾಯ್ತು ಮೇಡಂ." ರಿಫಾತ್ ಬೇ ನನ್ನನ್ನು ನೋಡಿದ ರೀತಿಯಲ್ಲಿ ಕರುಣೆಯಿತ್ತು. ಅದು ಹಾತಿಮ್ ನಗುವಿಗಿಂತ ಹೆಚ್ಚು ಚುಚ್ಚಿತು. "ಅಕ್ಷರದ ಗೆರೆ ಹುಡುಗಿ ಡ್ರಾಯರಲ್ಲಿ. ಅನುಮತಿ ಸಿಕ್ಕಿದ್ದು ಬೇರೆಯವನಿಗೆ. ಗುರು ಕದ್ದಿದ್ರೆ ಅವಳು ಅತ್ತು ಸುಮ್ಮನಾಗ್ತಿದ್ಲೋ ಏನೋ. ಕದ್ದು ಇನ್ನೊಬ್ಬನಿಗೆ ಕೊಟ್ಟ ಅಂದ್ರೆ? ಮಧ್ಯಾಹ್ನ ನಾನು ಸರ್ಕಾರಿ ವಕೀಲರಿಗೆ ಇದನ್ನೇ ತೋರಿಸ್ಬೇಕಾಗುತ್ತೆ. ತೋರಿಸ್ಕೊಟ್ಟೋರು ನೀವೇ."

ಹುಡುಗಿಯನ್ನು ಉಳಿಸಲು ಅರಗು ಒಡೆಸಿದವಳು ನಾನು. ಅವಳನ್ನು ಜೈಲಿಗೆ ಕಳಿಸುವ ಸಾಲನ್ನು ಎಳೆದು ಹೊರಗೆ ತೆಗೆದವಳೂ ನಾನೇ.

"ಇಲ್ಲ," ಅಂದೆ. "ನಿಲ್ಲಿ. ಅವಳು ಹೇಳಿದ್ಲು."

"ಏನು ಹೇಳಿದ್ಲು?"

ನಾನು ನೋಡಲು ಹೋಗಿದ್ದಾಗ ಲಾಕಪ್ಪಿನ ಸರಳಿನಾಚೆ ಲಮೀಸ್ ಮುಖ ಊದಿಕೊಂಡಿತ್ತು. ಅವಳ ಮಾತಿಗೆ ನಾನು ಕಿವಿಯನ್ನೇ ಕೊಟ್ಟಿರಲಿಲ್ಲ. ಹೆದರಿದ ಹುಡುಗಿ, ಏನೇನೋ ಬಡಬಡಿಸುತ್ತಾಳೆ ಎಂದು ಭುಜ ತಟ್ಟಿ ಬಂದಿದ್ದೆ.

"'ಆ ಅಕ್ಷರ ನನ್ನದಲ್ಲ ಮೇಡಂ' ಅಂದಿದ್ಲು. 'ನಾನು ಪೆನ್ಸಿಲಲ್ಲಿ ನಕಲು ಇಳಿಸಿ ಕಂಪ್ಯೂಟರಿಗೆ ತುಂಬಿದೆ ಅಷ್ಟೇ. ಉಸ್ತಾದರದ್ದೂ ಅಲ್ಲ. ಯಾರದ್ದು ಅಂತ ಅವರೇ ಬಂದು ಹೇಳಲಿ' ಅಂದ್ಲು. ಅವಳಿಗೆ ಗೊತ್ತಿತ್ತು ರಿಫಾತ್ ಬೇ. ಅಕ್ಷರ ಲುತ್ಫೀದು, ಅನುಮತಿ ಲುತ್ಫೀಗೆ ಹೋಯ್ತು. ಅವಳದ್ದನ್ನ ಯಾರೂ ಕದ್ದೇ ಇಲ್ಲ. ಕದಿಯದೇ ಇರೋದಕ್ಕೆ ಅವಳು ಯಾಕೆ ಕೊಲ್ತಾಳೆ?"

"ಬಾಯಿ ಮಾತು."

"ಅವನನ್ನೇ ಕೇಳಿ. ಇಲ್ಲೇ ಇದಾನಲ್ಲ."

"ಚಹಾ ಹೇಳೋಕೆ ಹೋದ," ಅಂದರು ಹಾತಿಮ್. ಹೇಳಿದವರು ಏನೋ ನೆನಪಾದಂತೆ ಹುಬ್ಬು ಗಂಟಿಕ್ಕಿದರು. "ಚಹಾ ಮಾಡೋನು ಈ ಮಹಡೀಲೇ ಇದಾನೆ. ಇಷ್ಟು ಹೊತ್ತು ಬೇಕಾ?"

ಚಿತ್ರದ ಗುಟ್ಟು ನನಗೆ ಹೇಳಿದವನು ಲುತ್ಫಿ. ಪಟ್ಟಿಯನ್ನು ಮಾಡಿದವನೂ ಅವನೇ, ಅಲ್ಲಿ ತನ್ನ ಹೆಸರು ಉಳಿದಿದೆ ಎಂಬುದು ಅವನಿಗೆ ಗೊತ್ತಿತ್ತು. ನನಗೆ ಸಿಹಿ ತಿನ್ನಿಸಿ, ಪೆದ್ದನಂತೆ ಚಹಾ ನೋಡುತ್ತ ಕೂತು, ನನ್ನ ಕೈಯಿಂದಲೇ ಅದನ್ನು ತೆಗೆಸಿದ. ಸ್ವಂತ ಬಾಯಲ್ಲಿ ಯಾಕೆ ಹೇಳಲಿಲ್ಲ? ಹೇಳಿದ್ದರೆ ಲಮೀಸ್ ಅವತ್ತೇ ಹೊರಗೆ ಬರುತ್ತಿದ್ದಳು. ಯಾರಿಗೆ ಹೆದರಿದ್ದ? ಅಥವಾ ಯಾವುದಕ್ಕೆ?

ಮೂವರೂ ಕಾರಿಡಾರಿಗೆ ಬಂದೆವು. ಚಹಾ ಮಾಡುವವನು ಒಲೆಯ ಮುಂದೆ ಕೂತು ರೇಡಿಯೋ ಕೇಳುತ್ತಿದ್ದ. "ಲುತ್ಫೀನಾ? ಈ ಕಡೆ ಬರ್ಲೇ ಇಲ್ಲ ಬೇ," ಅಂದ. "ಮೆಟ್ಟಿಲಲ್ಲಿ ಕೆಳಗೆ ಇಳಿದುಹೋದ್ರು."

"ಲಿಫ್ಟ್ ಇದ್ದೂ ಮೆಟ್ಟಿಲಾ?" ರಿಫಾತ್ ಬೇ ತಿರುಗಿದರು.

ಲಿಫ್ಟು ನಮ್ಮ ಎದುರಿಗೇ ನಿಂತಿತ್ತು. ಕಬ್ಬಿಣದ ಬಾಗಿಲಿನ ಗಾಜಿನ ಹಿಂದೆ ಮರದ ಡಬ್ಬಿ, ಅದರೊಳಗೆ ಹಳದಿ ಬಲ್ಬು ಉರಿಯುತ್ತಿತ್ತು. ನಾವು ಮೇಲೆ ಬಂದಾಗಿನಿಂದ ಅದನ್ನು ಯಾರೂ ಕರೆದಿರಲಿಲ್ಲ.

ಆಗ ಸದ್ದು ಕೇಳಿತು. ಈ ಕಟ್ಟಡಕ್ಕೆ ಬಂದುಹೋಗುವ ಎಲ್ಲರಿಗೂ ಪರಿಚಯದ ಸದ್ದು. ಮೊದಲು ಚಿಲಕ ಬಿಟ್ಟ ಸದ್ದು, ಆಮೇಲೆ ಎಣ್ಣೆ ಕಾಣದ ಕೀಲಿನ ನರಳಿಕೆ. ಲಿಫ್ಟಿನ ಬಾಗಿಲು ತೆರೆದುಕೊಂಡಿತ್ತು. ನಮ್ಮ ಮಹಡಿಯದಲ್ಲ, ಕೆಳಗಿನದು.

"ಡಬ್ಬಿ ಇಲ್ಲೇ ಇದೆಯಲ್ಲ," ಅಂದರು ರಿಫಾತ್ ಬೇ. ಅವರ ಕೈ ಸೊಂಟದ ಕಡೆ ಹೋಗುತ್ತಿತ್ತು.

ಹಾತಿಮ್ ಮುಖದಲ್ಲಿದ್ದ ನಗು ಆರಿಹೋಗಿತ್ತು. ಅವರೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆ ಬಾಗಿಲನ್ನು ತೆರೆದವನು ಲುತ್ಫಿಯೋ, ಲುತ್ಫಿ ಕಾಲಿಡಲೆಂದು ಇನ್ಯಾರೋ ತೆರೆದರೋ, ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಮಾತ್ರ ಗೊತ್ತಿತ್ತು. ಲಮೀಸ್ ಲಾಕಪ್ಪಿನಲ್ಲಿದ್ದಳು. ನೈಲ್ ನದಿಯ ತಳದಲ್ಲಿದೆ ಎಂದು ಪೊಲೀಸರು ಬರೆದುಕೊಂಡಿದ್ದ ಕೀಲಿ ನಮ್ಮ ಕೆಳಗಿನ ಮಹಡಿಯಲ್ಲಿತ್ತು.